249 ಗ್ರಾಂ ಡ್ರೋನ್: ತೂಕದ ವಿನಾಯಿತಿ ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ?

ರೆಕ್ಕೆಲೆಕ್ಕ:
ಹೊಸದಾಗಿ ಕ್ಯಾಮೆರಾ ಡ್ರೋನ್ ಕೊಂಡವರು ಮೊದಲು ಕೇಳುವುದು ಇದನ್ನೇ: "249 ಗ್ರಾಂ ತಾನೇ, ಎಲ್ಲಿ ಬೇಕಾದರೂ ಹಾರಿಸಬಹುದಲ್ವಾ?" ಇಲ್ಲ. ಈ 250 ಗ್ರಾಂ ಗಡಿ ಎಲ್ಲಿಂದ ಬಂತು ಅಂತ ತಿಳಿದರೆ ಯಾಕೆ ಇಲ್ಲ ಅನ್ನೋದೂ ಗೊತ್ತಾಗುತ್ತದೆ.

2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ, ಡ್ರೋನ್ ನೋಂದಣಿ ಹೇಗಿರಬೇಕು ಅಂತ ಹೇಳಲು ಒಂದು ಕಾರ್ಯಪಡೆ ನೇಮಿಸಿತು. ತಲೆಗೆ 80 ಜೌಲ್ ಪೆಟ್ಟು ಬಿದ್ದರೆ ಸಾವಿನ ಸಾಧ್ಯತೆ ಶೇ. 30 ಅಂತ ಅವರು ಹಿಡಿದರು. ಮೋಟಾರು ನಿಂತು ಬೀಳುವ ಪುಟ್ಟ ಡ್ರೋನ್ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ ಅಂತ ಇಟ್ಟುಕೊಂಡರು. 0.25 ಕೆ.ಜಿ.ಯ ಅರ್ಧವನ್ನು 25ರ ವರ್ಗದಿಂದ ಗುಣಿಸಿದರೆ 78 ಜೌಲ್. ಗಡಿ ಹುಟ್ಟಿದ್ದು ಅಲ್ಲಿ. ನೆಲದ ಮೇಲಿರುವವರ ತಲೆಗೆ ಬೀಳುವ ಪೆಟ್ಟು ಬಿಟ್ಟು ಆ ಲೆಕ್ಕದಲ್ಲಿ ಬೇರೇನೂ ಇಲ್ಲ. ಕ್ಯಾಮೆರಾ ಇಲ್ಲ, ಸದ್ದು ಇಲ್ಲ, ಎದುರಿಗೆ ಬರುವ ವಿಮಾನದ ರೆಕ್ಕೆಯೂ ಇಲ್ಲ.

ಕಂಪನಿಗಳು ಆ ಗಡಿಗೆ ತಕ್ಕ ಹಾಗೆ ಯಂತ್ರ ಮಾಡಿದವು. ಡಿಜೆಐ 2019ರಲ್ಲಿ ತಂದ ಮ್ಯಾವಿಕ್ ಮಿನಿ 249 ಗ್ರಾಂ. ಜಪಾನಿನಲ್ಲಿ ಆಗ ಗಡಿ 200 ಗ್ರಾಂ ಇದ್ದದ್ದರಿಂದ ಅಲ್ಲಿಗೆ ಅದೇ ಡ್ರೋನನ್ನು 199 ಗ್ರಾಂಗೆ ಇಳಿಸಿ ಮಾರಿತು. 2022ರ ಜೂನ್‌ನಲ್ಲಿ ಜಪಾನ್ ಗಡಿಯನ್ನೇ 100 ಗ್ರಾಂಗೆ ತಂದಿತು, ಅಲ್ಲಿ 199ರ ಲಾಭ ಮುಗಿಯಿತು. ಯುರೋಪಿನಲ್ಲಿ 250 ಗ್ರಾಂ ಒಳಗಿದ್ದರೂ ಕ್ಯಾಮೆರಾ ಇದ್ದು, ಆಟಿಕೆ ವರ್ಗಕ್ಕೆ ಸೇರದಿದ್ದರೆ ಹಾರಿಸುವವರು ನೋಂದಣಿ ಮಾಡಿಸಲೇಬೇಕು. ಭಾರತದ 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ. ಪೈಲಟ್ ಪ್ರಮಾಣಪತ್ರ ಬೇಡ, ಆದರೆ ಸರ್ಕಾರದ ನಕ್ಷೆಯ ಕೆಂಪು ಮತ್ತು ಹಳದಿ ವಲಯದಲ್ಲಿ ಅನುಮತಿ ಬೇಕೇ ಬೇಕು. ಅಮೆರಿಕದಲ್ಲಿ ಬರೀ ಹವ್ಯಾಸಕ್ಕಾದರೆ ನೋಂದಣಿ ಬೇಡ. ಕಾಸಿನ ಕೆಲಸಕ್ಕೆ ಹಾರಿಸಿದರೆ ಎಷ್ಟೇ ಹಗುರವಾಗಿದ್ದರೂ ಬೇಕು. ಹವ್ಯಾಸವೇ ಆದರೂ ವಿಮಾನ ನಿಲ್ದಾಣದ ನಿಯಂತ್ರಿತ ವಾಯುಪ್ರದೇಶಕ್ಕೆ ಮುಂಚೆಯೇ ಒಪ್ಪಿಗೆ ಪಡೆಯಬೇಕು.

ಹಗುರ ಡ್ರೋನ್ ಅಂದರೆ ಕೆಲವು ಕಾಗದಪತ್ರಗಳಿಂದ ಬಿಡುಗಡೆ, ಅಷ್ಟೇ.

ಮೋಡದಂಚು:
ಇದಕ್ಕೆ ಒಂದು ಸೇರಿಸುತ್ತೇನೆ. ಪೆಟ್ಟಿಗೆ ಮೇಲೆ 249 ಅಂತ ಬರೆದಿದೆ ಅಂತ ನಂಬಬೇಡಿ, ಹಾರಲು ಸಿದ್ಧವಾದ ಸ್ಥಿತಿಯಲ್ಲಿ ತೂಗಿ. ಬ್ಯಾಟರಿ, ಮೆಮೊರಿ ಕಾರ್ಡ್, ನಾಲ್ಕೂ ಕಡೆ ಪ್ರೊಪೆಲರ್, ಲೆನ್ಸಿನ ಮೇಲೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇದ್ದರೆ ಅದೂ ಸೇರಲಿ. 1 ಗ್ರಾಂ ನಿಖರತೆಯ ಅಡುಗೆಮನೆ ತಕ್ಕಡಿ ಸಾಕು. 249ಕ್ಕೆ ಇರುವ ಅಂತರ ಒಂದೇ ಗ್ರಾಂ, ಹಾಗಾಗಿ ಒಂದು ಮಿಣುಕುದೀಪ ಅಂಟಿಸಿದರೂ ದಾಟಿಬಿಡುತ್ತದೆ. ಪ್ರೊಪೆಲರ್ ಗಾರ್ಡ್ ಹಾಕಿದರಂತೂ ಕೇಳುವುದೇ ಬೇಡ.

ದೊಡ್ಡ ತೊಡಕು ಬ್ಯಾಟರಿಯದು. ಡಿಜೆಐಯ ಮಿನಿ 3 ಪ್ರೋದ ಮಾಮೂಲಿ ಬ್ಯಾಟರಿ 2453 ಎಂಎಎಚ್, ಮಿನಿ 4 ಪ್ರೋದ್ದು 2590 ಎಂಎಎಚ್, ಎರಡೂ 34 ನಿಮಿಷ ಹಾರಿಸುತ್ತವೆ ಅಂತ ಕಂಪನಿ ಹೇಳುತ್ತದೆ. ಪ್ಲಸ್ ಬ್ಯಾಟರಿ 3850 ಎಂಎಎಚ್. ಅದನ್ನು ಹಾಕಿದ ಕೂಡಲೇ ಒಟ್ಟು ತೂಕ 290 ಗ್ರಾಂ ಆಸುಪಾಸಿಗೆ ಹೋಗುತ್ತದೆ. ಡ್ರೋನ್ ಅದೇ, ಬಣ್ಣ ಅದೇ, ಆದರೆ ಕಾನೂನಿನ ಕಣ್ಣಿಗೆ ಬೇರೆ ವರ್ಗ. ಬ್ಯಾಗಿನಲ್ಲಿ ಎರಡೂ ಬಗೆಯ ಬ್ಯಾಟರಿ ಇಟ್ಟುಕೊಳ್ಳುವವರು ಪ್ಲಸ್ ಮೇಲೆ ಬಣ್ಣದ ಟೇಪ್ ಸುತ್ತಿಡಿ. ಟೇಪಿನ ತೂಕ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಹೇಗೂ ದಾಟಿಯೇ ಇರುತ್ತದೆ.

ನೆಲದಮೇಲೆ:
ನಾನು ಹಾರಿಸುವವಳಲ್ಲ, ಕೆಳಗಿರುವವರ ಪರವಾಗಿ ಕೇಳುತ್ತೇನೆ. ತಲೆ ಮೇಲೆ ಬೀಳುವ ಭಯಕ್ಕಿಂತ ಜನರಿಗೆ ದೊಡ್ಡದು ನೋಡುವ ಕಣ್ಣು. ತಾರಸಿ, ಹಿತ್ತಲು, ಕಿಟಕಿ ಇವೆಲ್ಲ ಗೋಡೆಯ ಮರೆ ನಂಬಿ ಕಟ್ಟಿಕೊಂಡ ಜಾಗಗಳು. "ಏನೂ ಕಾಣಲ್ಲ ಬಿಡಿ" ಅಂತ ಹಾರಿಸುವವರು ಹೇಳುತ್ತಾರೆ, "ಎಲ್ಲಾ ಕಾಣತ್ತೆ" ಅಂತ ಕೆಳಗಿರುವವರು. ಇದಕ್ಕೆ ಯಾರಾದರೂ ಅಳತೆ ಇಟ್ಟು ಉತ್ತರ ಕೊಡಬಲ್ಲಿರಾ?

ಬೆಳಕಿನಳತೆ:
ಕೊಡಬಹುದು ಮೇಡಂ. 36ನ್ನು (35 ಎಂಎಂ ಫಿಲ್ಮ್ ಚೌಕಟ್ಟಿನ ಅಗಲ, ಎಂಎಂನಲ್ಲಿ) ಲೆನ್ಸಿನ ಸಮಾನ ಫೋಕಲ್ ಲೆಂತ್‌ನಿಂದ, ಅಂದರೆ ಆ ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿ ಹೇಳುವ ಎಂಎಂ ಅಂಕಿಯಿಂದ ಭಾಗಿಸಿ, ದೂರದಿಂದ ಗುಣಿಸಿದರೆ ಚಿತ್ರದಲ್ಲಿ ಹಿಡಿಯುವ ಅಗಲ ಬರುತ್ತದೆ. ಅದನ್ನು 3840ರಿಂದ ಭಾಗಿಸಿದರೆ 4ಕೆ ವಿಡಿಯೋದಲ್ಲಿ ಒಂದು ಪಿಕ್ಸೆಲ್ ಎಷ್ಟು ಜಾಗ ಮುಚ್ಚುತ್ತದೆ ಅಂತ ತಿಳಿಯುತ್ತದೆ. ಮುಖದ ಅಗಲ 16 ಸೆಂ.ಮೀ. ಅಂತ ಇಟ್ಟುಕೊಳ್ಳಿ.

ಹಗುರ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 24 ಎಂಎಂ ಸಮಾನದ ಅಗಲ ಲೆನ್ಸ್. 100 ಮೀಟರ್ ದೂರದಲ್ಲಿ ಅದು 150 ಮೀಟರ್ ಅಗಲ ಹಿಡಿಯುತ್ತದೆ. ಪಿಕ್ಸೆಲ್‌ಗೆ ಸುಮಾರು 4 ಸೆಂ.ಮೀ., ಅಂದರೆ ಮುಖಕ್ಕೆ ಸಿಗುವುದು 4 ಪಿಕ್ಸೆಲ್. ಮನುಷ್ಯರಿದ್ದಾರೆ ಅಂತ ತಿಳಿಯುತ್ತದೆ, ಯಾರು ಅಂತ ತಿಳಿಯುವುದಿಲ್ಲ. 30 ಮೀಟರ್‌ಗೆ ಬಂದರೆ 14 ಪಿಕ್ಸೆಲ್. ಪರಿಚಯ ಇರುವವರು ನಡಿಗೆ, ಬಟ್ಟೆ ನೋಡಿ ಗುರುತು ಹಿಡಿಯಬಹುದು. 10 ಮೀಟರ್‌ನಲ್ಲಿ 40 ಪಿಕ್ಸೆಲ್, ಮುಖ ಚೆನ್ನಾಗೇ ಕಾಣುತ್ತದೆ.

ಹಾಗಂತ "ಏನೂ ಕಾಣಲ್ಲ" ಅನ್ನುವವರಿಗೆ ನಾನು ಬೆಂಬಲವಲ್ಲ. 2023ರಲ್ಲಿ ಬಂದ ಮ್ಯಾವಿಕ್ 3 ಪ್ರೋದಲ್ಲಿ 24, 70, 166 ಎಂಎಂ ಸಮಾನದ ಮೂರು ಕ್ಯಾಮೆರಾ ಇವೆ. ಅದೇ 100 ಮೀಟರ್‌ನಲ್ಲಿ 70 ಎಂಎಂ ಲೆನ್ಸ್ ಮುಖಕ್ಕೆ 12 ಪಿಕ್ಸೆಲ್ ಕೊಡುತ್ತದೆ, 166 ಎಂಎಂ ಲೆನ್ಸ್ 28. ಡಿಜಿಟಲ್ ಝೂಮ್ ಬೇರೆ, ಅದು ಇರುವ ಪಿಕ್ಸೆಲ್ಲನ್ನೇ ಹಿಗ್ಗಿಸುತ್ತದೆ, ಹೊಸ ವಿವರ ತರುವುದಿಲ್ಲ. ಸ್ಟಿಲ್ ಫೋಟೋದಲ್ಲಿ 48 ಮೆಗಾಪಿಕ್ಸೆಲ್ ಆಯ್ಕೆ ಇದ್ದರೆ ಅಗಲಕ್ಕೆ 8000 ಪಿಕ್ಸೆಲ್ ಬರುತ್ತವೆ, ಮೇಲಿನ ಅಂಕಿಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ.

ನೆಲದಮೇಲೆ:
ಧನ್ಯವಾದ. ಈ ಲೆಕ್ಕದಿಂದಲೇ ನನ್ನ ಮಾತು ಇನ್ನೂ ಗಟ್ಟಿಯಾಯಿತು. ಕೆಳಗಿಂದ ನೋಡುವವರಿಗೆ ಅದು 24 ಎಂಎಂ ಡ್ರೋನೋ 166 ಎಂಎಂ ಡ್ರೋನೋ ಹೇಗೆ ತಿಳಿಯಬೇಕು? ಕ್ಯಾಮೆರಾ ಎತ್ತ ತಿರುಗಿದೆ ಅಂತಲೂ ಕಾಣುವುದಿಲ್ಲ, ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ಅದೂ ಇಲ್ಲ. ಕಾಣುವುದು ಒಂದೇ, ಅದು ಅಲ್ಲೇ ನಿಂತಿದೆ ಅನ್ನೋದು. ಅನುಮಾನ ಬರುವುದು ಸಹಜ. ಅದನ್ನು ತೆಗೆಯುವ ಹೊಣೆ ಹಾರಿಸುವವರದು.

ಮೋಡದಂಚು:
ಒಪ್ಪುತ್ತೇನೆ. ವಸತಿ ಹತ್ತಿರ ಹಾರಿಸುವವರು ಇಷ್ಟಾದರೂ ಮಾಡಬೇಕು. ಮೇಲೆ ಏರುವಾಗ ಗಿಂಬಲನ್ನು (ಕ್ಯಾಮೆರಾ ತಿರುಗಿಸುವ ಹಿಡಿಕೆ) ದಿಗಂತಕ್ಕೆ ಎತ್ತಿಡಿ, ಕೆಳಗೆ ಬಗ್ಗಿಸಬೇಡಿ. ರೆಕಾರ್ಡಿಂಗ್ ಒತ್ತುವುದು ಬೇಕಾದ ಜಾಗಕ್ಕೆ ತಲುಪಿದ ಮೇಲೆ. ಯಾರದ್ದೋ ಹಿತ್ತಲ ಮೇಲೆ ನಿಲ್ಲಿಸಿಕೊಂಡು ಸೆಟ್ಟಿಂಗ್ ಹುಡುಕಬೇಡಿ. ಶಟರ್, ವೈಟ್ ಬ್ಯಾಲೆನ್ಸ್ ಎಲ್ಲ ನೆಲದ ಮೇಲೇ ಮುಗಿಸಿ. ಮರದ ಹಿಂದೆ, ಕಾರಿನೊಳಗೆ ಕೂತು ಹಾರಿಸಬೇಡಿ, ಎದ್ದು ಕಾಣುವ ಜಾಕೆಟ್ ಹಾಕಿ ಬಯಲಲ್ಲಿ ನಿಲ್ಲಿ. ಯಾರ ಡ್ರೋನ್ ಅಂತ ಕಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಹಕ್ಕಿಗೂಡು:
ಮನುಷ್ಯರು ಬಂದು ಕೇಳುತ್ತಾರೆ, ಪ್ರಾಣಿಪಕ್ಷಿಗಳು ಕೇಳುವುದಿಲ್ಲ. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾ ಸಂರಕ್ಷಿತ ಜೌಗಿನಲ್ಲಿ ಒಂದು ಡ್ರೋನ್ ಗೂಡುಗಳ ನಡುವೆ ಬಿತ್ತು. ಎಲಿಗಂಟ್ ಟರ್ನ್ ಹಕ್ಕಿಗಳು ಹೆದರಿ ಹಿಂಡಿಗೆ ಹಿಂಡೇ ಎದ್ದು ಹೋದವು. 1500ಕ್ಕೂ ಹೆಚ್ಚು ಮೊಟ್ಟೆಗಳು ಅನಾಥವಾದವು. ಆ ಹಕ್ಕಿಗಳಿಗೆ ಡ್ರೋನಿನ ತೂಕ ಎಷ್ಟಿದ್ದರೇನು?

"ಪ್ರಾಣಿ ಓಡಲಿಲ್ಲ, ಅದಕ್ಕೇನೂ ತೊಂದರೆ ಆಗಿಲ್ಲ" ಅನ್ನುವವರು ಇದನ್ನು ಗಮನಿಸಿ. 2015ರಲ್ಲಿ ಪ್ರಕಟವಾದ ಅಮೆರಿಕದ ಮಿನೆಸೋಟದ ಅಧ್ಯಯನದಲ್ಲಿ ಕಪ್ಪು ಕರಡಿಗಳ ಮೈಯೊಳಗೆ ಹೃದಯಬಡಿತ ಅಳೆಯುವ ಸಾಧನ ಇಟ್ಟು ಮೇಲೆ ಡ್ರೋನ್ ಹಾರಿಸಿದರು. ಹೆಚ್ಚಿನ ಕರಡಿಗಳು ನಿಂತಲ್ಲೇ ಇದ್ದವು. ಆದರೆ ಎದೆಬಡಿತ ಏರಿತ್ತು, ಒಂದರಲ್ಲಿ ನಿಮಿಷಕ್ಕೆ 123 ಬಡಿತದಷ್ಟು.

ಅದೇ ವರ್ಷ ಫ್ರಾನ್ಸಿನ ಸಂಶೋಧಕರು ಬಾತುಕೋಳಿ, ರಾಜಹಂಸ, ಗ್ರೀನ್‌ಶ್ಯಾಂಕ್ ಹಕ್ಕಿಗಳ ಹತ್ತಿರ ಡ್ರೋನ್ ತಂದು ನೋಡಿದರು. ಡ್ರೋನಿನ ಬಣ್ಣ, ವೇಗಕ್ಕಿಂತ ಅದು ಬರುವ ಕೋನವೇ ಮುಖ್ಯ ಅಂತ ಕಂಡಿತು. ನೆತ್ತಿಯ ಮೇಲಿಂದ ನೇರ ಕೆಳಗೆ ಇಳಿದಾಗ ಹಕ್ಕಿಗಳು ಹೆಚ್ಚು ಬೆದರಿದವು. ಬೇಟೆಹಕ್ಕಿ ಎರಗುವುದೂ ಹಾಗೇ ಅಲ್ಲವೇ. ಅವರ ಸಲಹೆ: ಕನಿಷ್ಠ 100 ಮೀಟರ್ ದೂರದಿಂದ ಏರಿಸಿ, ಮೇಲಿಂದ ನೇರವಾಗಿ ಇಳಿಯಬೇಡಿ. ಗೂಡು ಕಟ್ಟುವ ಕಾಲದಲ್ಲಿ ಹತ್ತಿರವೇ ಹೋಗಬೇಡಿ ಅಂತ ನಾನು ಸೇರಿಸುತ್ತೇನೆ. ಹದ್ದು, ಗಿಡುಗ ಮೇಲೆರಗಿದರೆ ಅಡ್ಡಡ್ಡ ತಪ್ಪಿಸಿಕೊಳ್ಳಲು ಹೋಗಬೇಡಿ. ನೇರ ಮೇಲೇರಿ, ಆಮೇಲೆ ದೂರ ಸರಿದು ಇಳಿಸಿ. ಅವು ಮೇಲಿಂದ ಕೆಳಗೆ ಎರಗುತ್ತವೆ, ನೇರ ಏರುವುದು ಅವಕ್ಕೆ ಕಷ್ಟ.

ಗಾಳಿಮಾಪಕ:
ಎಲ್ಲರೂ ನಿಯಮದ ಬಗ್ಗೆ ಹೇಳಿದ್ದೀರಿ. ಡ್ರೋನ್‌ಗಳು ಕೈ ತಪ್ಪುವುದು ಹೇಗೆ ಅಂತ ಬರೆಯುತ್ತೇನೆ, ಯಾಕಂದರೆ ಬಹಳಷ್ಟು ವಿವಾದ ಶುರುವಾಗುವುದು ಕೈ ತಪ್ಪಿದ ಡ್ರೋನಿನಿಂದ.

ಮೊದಲನೆಯದು ದೂರ. ಮಿನಿ 4 ಪ್ರೋದ ಸಿಗ್ನಲ್ ಅಮೆರಿಕದ ಮಾನದಂಡದಲ್ಲಿ 20 ಕಿ.ಮೀ., ಯುರೋಪಿನ ಮಾನದಂಡದಲ್ಲಿ 10 ಕಿ.ಮೀ. ಅಂತ ಕಂಪನಿ ಹೇಳುತ್ತದೆ. ಕಣ್ಣಿಗೆ ಕಾಣುವ ದೂರ ಎಷ್ಟು? ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಮಲ್ಟಿರೋಟರ್‌ಗೆ, ಅಂದರೆ ಹಲವು ಪ್ರೊಪೆಲರ್ ಇರುವ ಡ್ರೋನ್‌ಗೆ, ಕೊಟ್ಟ ಸೂತ್ರ: ಡ್ರೋನಿನ ಅಗಲವನ್ನು ಮೀಟರ್‌ನಲ್ಲಿ 327ರಿಂದ ಗುಣಿಸಿ 20 ಕೂಡಿಸಿ. 30 ಸೆಂ.ಮೀ. ಡ್ರೋನ್‌ಗೆ 118 ಮೀಟರ್. ಅದರಾಚೆಗೂ ಚುಕ್ಕೆಯ ಹಾಗೆ ಕಾಣಬಹುದು, ಆದರೆ ಮೂತಿ ಎತ್ತ, ಬಾಲ ಎತ್ತ ಅಂತ ತಿಳಿಯದು. ಪರದೆ ನಿಂತುಹೋದರೆ ಕಣ್ಣಳತೆಯಲ್ಲಿ ವಾಪಸ್ ತರಲು ಆಗುವುದು ಅಷ್ಟು ದೂರದಿಂದ ಮಾತ್ರ. ಡ್ರೋನ್ ಹಗುರ ಅಂದರೆ ಚಿಕ್ಕದು, ಚಿಕ್ಕದು ಅಂದರೆ ಹತ್ತಿರವೇ ಇರಬೇಕು.

ಎರಡನೆಯದು ಗಾಳಿ. ನೆಲದ ಮೇಲೆ ಎಲೆ ಅಲುಗದಿದ್ದರೂ 100 ಮೀಟರ್ ಮೇಲೆ ಜೋರಾಗಿ ಬೀಸುತ್ತಿರಬಹುದು. ಡ್ರೋನ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿದೆ, ಗಾಳಿ 8 ಮೀಟರ್ ಅಂದುಕೊಳ್ಳಿ. ಬೆನ್ನುಗಾಳಿಯಲ್ಲಿ 1 ಕಿ.ಮೀ. ಹೋಗಲು 56 ಸೆಕೆಂಡ್ ಸಾಕು. ಅದೇ ದಾರಿಯಲ್ಲಿ ಎದುರುಗಾಳಿಗೆ ವಾಪಸ್ ಬರಲು ಸಿಗುವ ವೇಗ 2 ಮೀಟರ್, ಹಿಡಿಯುವುದು 500 ಸೆಕೆಂಡ್, ಎಂಟು ನಿಮಿಷಕ್ಕೂ ಹೆಚ್ಚು. ಅರ್ಧ ಬ್ಯಾಟರಿ ಇದೆ ಅಂತ ನೆಮ್ಮದಿಯಿಂದ ಇದ್ದವರ ಡ್ರೋನ್ ಯಾರದೋ ಅಂಗಳದಲ್ಲಿ ಇಳಿಯುವುದು ಹೀಗೆ. ಅದಕ್ಕೇ ಹೋಗುವಾಗಲೇ ಎದುರುಗಾಳಿಗೆ ಹೋಗಿ, ಬರುವಾಗ ಗಾಳಿ ನೂಕಲಿ. ಸಿಕ್ಕಿಹಾಕಿಕೊಂಡರೆ ರಿಟರ್ನ್ ಟು ಹೋಮ್ (ತಾನಾಗಿ ವಾಪಸ್ ಬರುವ ವ್ಯವಸ್ಥೆ) ರದ್ದು ಮಾಡಿ, ಕೆಳಗೆ ಅಡ್ಡಿ ಇಲ್ಲದಿದ್ದರೆ ಎತ್ತರ ಇಳಿಸಿ, ಸ್ಪೋರ್ಟ್ ಮೋಡ್‌ನಲ್ಲಿ ತನ್ನಿ. ಸ್ಪೋರ್ಟ್‌ನಲ್ಲಿ ಅಡ್ಡಿ ಗುರುತಿಸುವ ಸೆನ್ಸರ್ ಕೆಲಸ ಮಾಡುವುದಿಲ್ಲ ಅನ್ನೋದು ನೆನಪಿರಲಿ.

ಮೂರನೆಯದು ಹೋಮ್ ಪಾಯಿಂಟ್, ಅಂದರೆ ಡ್ರೋನ್ ತಾನಾಗಿ ವಾಪಸ್ ಬರಲು ನೆನಪಿಟ್ಟುಕೊಳ್ಳುವ ಜಾಗ. "ಹೋಮ್ ಪಾಯಿಂಟ್ ನಮೂದಾಗಿದೆ" ಅಂತ ಸಂದೇಶ ಬರುವ ತನಕ ಏರಿಸಬೇಡಿ. ವಾಪಸಾತಿ ಎತ್ತರ ಸುತ್ತಲಿನ ಅತಿ ಎತ್ತರದ ಮರ ಅಥವಾ ಕಟ್ಟಡಕ್ಕಿಂತ 20 ಮೀಟರ್ ಹೆಚ್ಚಿರಲಿ. ಆದರೆ ಸೇತುವೆ ಅಡಿಯಲ್ಲಿ, ದಟ್ಟ ಮರದ ಕೆಳಗೆ ಹಾರಿಸುವಾಗ ಸಿಗ್ನಲ್ ಹೋದರೆ ಡ್ರೋನ್ ನೇರ ಮೇಲೇರಿ ಬಡಿಯುತ್ತದೆ; ಅಲ್ಲಿ ಸಿಗ್ನಲ್ ತಪ್ಪಿದರೆ ಇದ್ದಲ್ಲೇ ನಿಲ್ಲು ಅಂತ ಸೆಟ್ ಮಾಡಿ. ದೋಣಿಯಿಂದ ಏರಿಸಿದರೆ ಹೋಮ್ ಪಾಯಿಂಟ್ ನೀರಿನ ಮೇಲೇ ಉಳಿಯುತ್ತದೆ, ದೋಣಿ ಮುಂದೆ ಹೋಗಿರುತ್ತದೆ. ಆರ್‌ಸಿಸಿ ತಾರಸಿಯ ಕಬ್ಬಿಣ ಕಂಪಾಸನ್ನು ದಾರಿ ತಪ್ಪಿಸುತ್ತದೆ, ಹಾಗಾಗಿ ಕ್ಯಾಲಿಬ್ರೇಷನ್ ಮಾಡುವುದಿದ್ದರೆ ಬಯಲಲ್ಲಿ. ತಂತಿ, ಎಲೆಯುದುರಿದ ಕೊಂಬೆ, ಗಾಜು, ಇವನ್ನು ಯಾವ ಸೆನ್ಸರೂ ನೆಚ್ಚುವಷ್ಟು ಹಿಡಿಯುವುದಿಲ್ಲ.

ಇನ್ನೊಂದು, ಪರದೆ ಮೇಲಿನ ಎತ್ತರ ನೀವು ಏರಿಸಿದ ಜಾಗದಿಂದ ಅಳೆದದ್ದು, ಡ್ರೋನಿನ ಕೆಳಗಿನ ನೆಲದಿಂದ ಅಲ್ಲ. 80 ಮೀಟರ್ ಗುಡ್ಡದ ನೆತ್ತಿಯಿಂದ ಏರಿಸಿ 60 ಮೀಟರ್‌ನಲ್ಲಿ ಕಣಿವೆ ಮೇಲೆ ಹೋದರೆ ಪರದೆ 60 ಅನ್ನುತ್ತದೆ, ನಿಜವಾಗಿ ನೆಲದಿಂದ 140. 120 ಮೀಟರ್ ಮಿತಿ ದಾಟಿದ್ದು ಗೊತ್ತೇ ಆಗುವುದಿಲ್ಲ.

ಹೊಸಹಾರಾಟ:
ತುಂಬಾ ಉಪಯೋಗ ಆಯ್ತು ಸರ್. ಒಂದು ಸಂದೇಹ. ನಿರ್ಬಂಧಿತ ಜಾಗ ಆದರೆ ಡ್ರೋನೇ ಏರುವುದಿಲ್ಲ ಅಲ್ವಾ? ಆ್ಯಪ್‌ನಲ್ಲಿ ಕೆಂಪು ಇಲ್ಲದಿದ್ದರೆ ಹಾರಿಸಬಹುದು ಅಂತ ತಾನೇ?

ರೆಕ್ಕೆಲೆಕ್ಕ:
ಅಲ್ಲ, ಅದನ್ನು ನೆಚ್ಚಬೇಡಿ. ಡಿಜೆಐ ಹಲವು ಯುರೋಪ್ ದೇಶಗಳಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರ ಜನವರಿಯಲ್ಲಿ ತನ್ನ ಕಡ್ಡಾಯ ತಡೆಯನ್ನು ತೆಗೆದು ಎಚ್ಚರಿಕೆ ಸಂದೇಶಕ್ಕೆ ಬದಲಾಯಿಸಿತು. ಈಗ ತೀರ್ಮಾನ ಹಾರಿಸುವವರದೇ. ಕಂಪನಿಯ ನಕ್ಷೆ ಬೇರೆ, ಸರ್ಕಾರದ ನಕ್ಷೆ ಬೇರೆ. ಬೆಂಕಿ, ಪ್ರವಾಹ, ಗಣ್ಯರ ಭೇಟಿ ಅಂತ ಹಾಕುವ ತಾತ್ಕಾಲಿಕ ನಿರ್ಬಂಧ ಹಳೇ ನಕ್ಷೆಯಲ್ಲಿ ಇರುವುದೂ ಇಲ್ಲ. ಏರಿಸುವ ದಿನವೇ ಆಯಾ ದೇಶದ ಅಧಿಕೃತ ನಕ್ಷೆ ನೋಡಿ.

ಅದೇ 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಕಾಳ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ ಸೂಪರ್ ಸ್ಕೂಪರ್ ವಿಮಾನಕ್ಕೆ ಒಂದು ಡ್ರೋನ್ ಬಡಿದು ರೆಕ್ಕೆಯಲ್ಲಿ ತೂತಾಯಿತು. ಬೆಂಕಿ ಉರಿಯುತ್ತಿರುವಾಗ ಆ ವಿಮಾನ ದುರಸ್ತಿಗೆ ಕೂರಬೇಕಾಯಿತು. ಬಡಿದದ್ದು ಮಿನಿ ಸಾಲಿನದೇ ಡ್ರೋನ್. ಹಾರಿಸಿದವನು ಎರಡೂವರೆ ಕಿ.ಮೀ. ದೂರ ಕಳಿಸಿ, ಕಣ್ಣಿಂದ ಮರೆಯಾದ ಮೇಲೂ ಮುಂದುವರಿಸಿದ್ದ. ಈ ಎಳೆಯ ತಲೆಬರಹದ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಪಿಸುದನಿ:
ಹಾಗಾದರೆ ರಿಮೋಟ್ ಐಡಿ ಬಗ್ಗೆ ನಿಮ್ಮೆಲ್ಲರ ನಿಲುವೇನು? ಡ್ರೋನ್ ತನ್ನ ಸಂಖ್ಯೆ, ಜಾಗ, ಎತ್ತರ, ವೇಗದ ಜೊತೆ ಹಾರಿಸುವವರು ನಿಂತಿರುವ ಜಾಗವನ್ನೂ ಬ್ಲೂಟೂತ್ ಅಥವಾ ವೈಫೈ ಮೂಲಕ ಬಿತ್ತರಿಸುತ್ತಲೇ ಇರುತ್ತದೆ. ಆ್ಯಪ್ ಇರುವ ಯಾರಾದರೂ ಹತ್ತಿರದಲ್ಲಿದ್ದರೆ ಓದಬಹುದು. ಒಬ್ಬರೇ ನಿಂತು ಹಾರಿಸುವ ಹೆಣ್ಣುಮಗಳ ಜಾಗ ಅಪರಿಚಿತರಿಗೆ ಗೊತ್ತಾಗುವುದು ಸರಿಯೇ? ಪೊಲೀಸರಿಗೆ ಮಾತ್ರ ಕಾಣುವಂತೆ ಮಾಡಬಹುದಿತ್ತು.

ನೆಲದಮೇಲೆ:
ನಿಮ್ಮ ಆತಂಕ ನಿಜವಾದದ್ದು. ಆದರೆ 2018ರ ಡಿಸೆಂಬರ್ ನೆನಪಿಸಿಕೊಳ್ಳಿ. ಲಂಡನ್ ಬಳಿಯ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಡ್ರೋನ್ ಕಂಡಿತು ಅಂತ ಸುಮಾರು 1000 ವಿಮಾನಗಳ ಹಾರಾಟ ಕೆಟ್ಟಿತು, 1,40,000 ಪ್ರಯಾಣಿಕರು ಸಿಕ್ಕಿಹಾಕಿಕೊಂಡರು. ಹಾರಿಸಿದವರು ಸಿಗಲಿಲ್ಲ. ಬಂಧಿಸಿದ ಇಬ್ಬರನ್ನು ತಪ್ಪಿಲ್ಲ ಅಂತ ಬಿಟ್ಟರು. ಡ್ರೋನ್ ಇತ್ತೇ ಇಲ್ಲವೇ ಅನ್ನುವ ವಾದವೂ ನಡೆಯಿತು. ಗುರುತಿನ ವ್ಯವಸ್ಥೆ ಇಲ್ಲದಿದ್ದರೆ ತಪ್ಪಿತಸ್ಥರು ತಪ್ಪಿಸಿಕೊಳ್ಳುತ್ತಾರೆ, ಅಮಾಯಕರು ಸಿಕ್ಕಿಬೀಳುತ್ತಾರೆ.

ರೆಕ್ಕೆಲೆಕ್ಕ:
ಹೆಸರು, ಫೋನ್ ನಂಬರ್ ಬಿತ್ತರವಾಗುವುದಿಲ್ಲ, ಸಂಖ್ಯೆ ಮಾತ್ರ. ಸಂಖ್ಯೆಯಿಂದ ಹೆಸರಿಗೆ ಹೋಗುವ ದಾರಿ ಅಧಿಕಾರಿಗಳ ಬಳಿ ಇರುತ್ತದೆ. ಅಮೆರಿಕದ ನಿಯಮವನ್ನು ಡ್ರೋನ್ ರೇಸಿನವರು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರು, 2022ರ ಜುಲೈನಲ್ಲಿ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಎಫ್‌ಎಎ ದಂಡ ಹಾಕದೆ ಕೊಟ್ಟಿದ್ದ ಕಾಲಾವಕಾಶ 2024ರ ಮಾರ್ಚ್‌ಗೆ ಮುಗಿಯಿತು. ಆದರೂ ಹಾರಿಸುವವರ ನಿಖರ ಜಾಗ ಸಾರ್ವಜನಿಕರಿಗೆ ಕಾಣುವುದು ಅತಿಯಾಯಿತು ಅನ್ನುವ ಪಿಸುದನಿಯವರ ಮಾತು ನನಗೂ ಸರಿ ಅನಿಸುತ್ತದೆ. ಒಬ್ಬರೇ ಹೋಗುವವರು ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಕಣ್ಣು ಆಕಾಶದ ಮೇಲಿರುವಾಗ ಬೆನ್ನ ಹಿಂದೆ ನೋಡಲು ಹೇಗೂ ಒಬ್ಬರು ಬೇಕು.

ಗಾಳಿಮಾಪಕ:
ಸದ್ದಿನ ವಿಷಯ ಯಾರೂ ತೆಗೆಯಲಿಲ್ಲ, ದೂರು ಬರುವುದು ಅದರಿಂದಲೇ ಹೆಚ್ಚು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 20 ಮೀಟರ್‌ನಿಂದ 80ಕ್ಕೆ ಏರಿಸಿದರೆ 12 ಡೆಸಿಬೆಲ್ ಕಡಿಮೆ, ಕಿವಿಗೆ ಅದು ದೊಡ್ಡ ವ್ಯತ್ಯಾಸ. ಅಂಚು ಕಿತ್ತ ಪ್ರೊಪೆಲರ್ ರೆಕ್ಕೆ ಸದ್ದನ್ನೂ ಹೆಚ್ಚಿಸುತ್ತದೆ, ವಿಡಿಯೋದಲ್ಲಿ ಅಲೆಯಲೆ ಕಂಪನವನ್ನೂ ತರುತ್ತದೆ. ಮಿನಿ ಸಾಲಿನಲ್ಲಿ ಒಂದು ಮೋಟಾರಿನ ಎರಡೂ ರೆಕ್ಕೆಗಳನ್ನು ಒಟ್ಟಿಗೆ ಬದಲಾಯಿಸಿ, ಜೊತೆಗೆ ಬಂದ ಹೊಸ ಸ್ಕ್ರೂಗಳನ್ನೇ ಹಾಕಿ. ಹಳೇ ಸ್ಕ್ರೂವಿನ ಅಂಟು ಒಮ್ಮೆ ಬಿಚ್ಚಿದರೆ ಹೋಗಿರುತ್ತದೆ, ಸಡಿಲವಾಗಿ ಹಾರಾಟದ ಮಧ್ಯೆ ಕಳಚಬಹುದು. ಗುರುತು ಇರುವ ರೆಕ್ಕೆ ಗುರುತು ಇರುವ ತೋಳಿಗೆ. ಅದಲುಬದಲಾದರೆ ಏರುವಾಗಲೇ ಮಗುಚುತ್ತದೆ.

ಹೊಸಹಾರಾಟ:
ಯಾರಾದರೂ ಬಂದು ಕೂಗಾಡಿದರೆ?

ಮೋಡದಂಚು:
ಮೊದಲು ಇಳಿಸಿ, ಆಮೇಲೆ ಮಾತು. "ಒಂದು ನಿಮಿಷ, ಇಳಿಸಿ ಮಾತಾಡ್ತೀನಿ" ಅಂತ ಹೇಳಿ. ತೆಗೆದ ದೃಶ್ಯವನ್ನು ಕೇಳುವ ಮೊದಲೇ ತೋರಿಸಿ. ಅವರ ಮನೆ ಬಂದಿದ್ದರೆ ಅವರ ಎದುರಿಗೇ ಅಳಿಸಿ. ಪೊಲೀಸರವರೆಗೆ ಹೋದ ವಿಷಯವಾದರೆ ಮಾತ್ರ ಅಳಿಸಬೇಡಿ, ಆ್ಯಪ್‌ನ ಹಾರಾಟದ ದಾಖಲೆಯ ಜೊತೆ ಹಾಗೇ ಇಡಿ.

ಕೆಳಗಿರುವವರಿಗೂ ಒಂದು ಮಾತು: ಕಲ್ಲು, ಗುಂಡು, ಜಾಮರ್ ಯಾವುದೂ ಬೇಡ. ಬಹುತೇಕ ದೇಶಗಳಲ್ಲಿ ಜಾಮರ್ ಬಳಸುವುದೇ ಅಪರಾಧ. ಏಟು ತಿಂದ ಡ್ರೋನ್ ಯಾರ ಮೇಲೆ ಬೀಳುತ್ತದೋ ಹೇಳಲಾಗದು, ಒಳಗಿನ ಲಿಥಿಯಂ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ಸಮಯ, ದಿಕ್ಕು ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ವಿಡಿಯೋ ಮಾಡಿ, ದೂರು ಕೊಡಿ.

ಬೆಳಕಿನಳತೆ:
ವಿಡಿಯೋ ಹಂಚುವ ಮೊದಲು ಇನ್ನೊಂದು ಕೆಲಸ ಇದೆ. ಫೋಟೋದೊಳಗೆ ಅಕ್ಷಾಂಶ ರೇಖಾಂಶ ಸೇರಿರುತ್ತದೆ. ವಿಡಿಯೋ ಸಬ್‌ಟೈಟಲ್ ಆಯ್ಕೆ ಆನ್ ಇದ್ದರೆ ಮೆಮೊರಿ ಕಾರ್ಡಿನಲ್ಲಿ ಎಸ್‌ಆರ್‌ಟಿ ಅನ್ನುವ ಫೈಲೂ ಹುಟ್ಟುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಐಎಸ್ಒ, ಶಟರ್ ಜೊತೆಗೆ ಕ್ಷಣಕ್ಷಣಕ್ಕೂ ಡ್ರೋನ್ ಎಲ್ಲಿತ್ತು ಅಂತ ಸಾಲುಸಾಲಾಗಿ ಇರುತ್ತದೆ. ಅಪರೂಪದ ಹಕ್ಕಿಯ ಗೂಡಾಗಲಿ, ಯಾರದೋ ಒಂಟಿ ಮನೆಯಾಗಲಿ, ವಿಳಾಸ ಬಿಟ್ಟುಕೊಟ್ಟಂತೆ. ಫೋಟೋವನ್ನು ಜಾಗದ ಮಾಹಿತಿ ತೆಗೆದು ಎಕ್ಸ್‌ಪೋರ್ಟ್ ಮಾಡಿ, ಎಸ್‌ಆರ್‌ಟಿ ಫೈಲನ್ನು ಯಾರಿಗೂ ಕಳಿಸಬೇಡಿ.

ಹಕ್ಕಿಗೂಡು:
ಇದನ್ನು ಹೇಳಿದ್ದಕ್ಕೆ ಧನ್ಯವಾದ ಸರ್. ಗೂಡಿನ ಫೋಟೋ ಇದ್ದರೆ ಜಾಗದ ಮಾಹಿತಿ ತೆಗೆದರೂ ಸಾಲದು. ಹಿನ್ನೆಲೆಯಲ್ಲಿ ಗುರುತು ಸಿಗುವ ಬಂಡೆ, ಗೋಪುರ, ಕೆರೆ ಏರಿ ಇದ್ದರೆ ಕತ್ತರಿಸಿ. ಮರಿಗಳು ಹಾರಿಹೋದ ಮೇಲೆ ಹಂಚಿಕೊಳ್ಳಿ, ಅಲ್ಲಿಯವರೆಗೆ ಕಾರ್ಡಿನಲ್ಲೇ ಇರಲಿ.